ತಿರುಗದ ಮಂಡಿ

ನನ್ನ ಬಲಗಾಲಿನ ಮಂಡಿಯನ್ನು ಮೊದಲು ಮುರಿದವರು ನಮ್ಮ ಭಾವ. ಎರಡನೆಯ ಸಲ ಅದು ಮುರಿದದ್ದು ನಮ್ಮ ಯಜಮಾನರ ದೆಸೆಯಿಂದ. ಈ ಎರಡರ ನಡುವೆ ಕೆಲವು ವರ್ಷ ಆ ಜಾಗದಲ್ಲಿ ಮೂಳೆಯ ಬದಲು ಉಕ್ಕಿನ ಕೀಲೊಂದಿತ್ತು. ಅದರ ಮೇಲೆ ನಾನು ನಡೆದೆ, ರೇಷ್ಮೆ ಹುಳು ಮೇಯಿಸಿದೆ, ತವರಿಗೆ ಹೋಗಿ ಬಂದೆ. ಈಗ ಅದೂ ಇಲ್ಲ. ತೊಡೆಯಿಂದ ಹಿಮ್ಮಡಿವರೆಗೆ ಕಾಲು ಒನಕೆಯ ಹಾಗೆ ನೆಟ್ಟಗಿದೆ. ಬಸ್ಸಿನಲ್ಲಿ ಕೂತರೆ ದಾರಿಗೆ ಅಡ್ಡ ಚಾಚಿಕೊಳ್ಳುತ್ತದೆ. ಹತ್ತುವವರು ಎಡವಿ ಬೈಯುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಹಿಡಿದುಕೊಂಡು, ತನಗೊಬ್ಬಳಿಗೇ ಹೀಗಾಗಿದೆ ಅಂದುಕೊಂಡು ಕೂತಿರುವವರು ಯಾರಾದರೂ ಇದ್ದರೆ, ಅವರಿಗಾಗಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನನ್ನ ತವರು ಸಾದಲಿ. ಮದುವೆಯಾಗಿ ಬಂದದ್ದು ಮೇಲೂರಿಗೆ. ಎರಡೂ ಕಡೆ ಹಿಪ್ಪುನೇರಳೆ ತೋಟ, ಎರಡೂ ಮನೆಯಲ್ಲಿ ಹುಳು ಸಾಕುವ ಕೆಲಸ. ಯಜಮಾನರ ಅಣ್ಣ ಪಿಳ್ಳಪ್ಪ ಭಾವ. ಮಾವನವರು ಸತ್ತಾಗ ಯಜಮಾನರು ಇನ್ನೂ ಸಣ್ಣವರಂತೆ; ಭಾವನೇ ಹೆಗಲ ಮೇಲೆ ಹೊತ್ತು ಸಾಕಿದವರು. ಅದಕ್ಕೇ ಇರಬೇಕು, ಪಾಲಾಗೋಣ ಅಂತ ತಮ್ಮ ಬಾಯಿಬಿಟ್ಟ ದಿನದಿಂದ ಭಾವನಿಗೆ ಅವರ ಮುಖ ಕಂಡರೆ ಆಗುತ್ತಿರಲಿಲ್ಲ. ತೋಟ ಎರಡಾಯಿತು. ಬಾವಿ ಮಾತ್ರ ಒಂದೇ ಉಳಿಯಿತು. ನೀರು ಪಾಳಿಯ ಮೇಲೆ.

ಅವತ್ತು ಬೆಳಿಗ್ಗೆ ಯಜಮಾನರಿಗೆ ಗಂಜಿ ತೆಗೆದುಕೊಂಡು ಹೋಗಿದ್ದೆ. ಭಾವ ಹಾರೆ ಹಿಡಿದು ಕಾಲುವೆಯಲ್ಲಿ ನಿಂತಿದ್ದರು.

"ನಿನ್ನ ಪಾಳಿ ಮುಗೀತಲ್ಲೋ. ಮತ್ಯಾಕೆ ಕಟ್ಟೆ ಒಡ್ದೆ?"

"ಅರ್ಧ ತೋಟ ಇನ್ನೂ ನೆಂದಿಲ್ಲ ಕಣಣ್ಣ. ಹುಳ ಜ್ವರಕ್ಕೆ ಕೂತವೆ, ಪೊರೆ ಬಿಟ್ಟು ಎದ್ರೆ ಸೊಪ್ಪು ಬೇಕು."

"ಅಣ್ಣ ಅನ್ಬೇಡ."

ಯಜಮಾನರು ಬಗ್ಗಿ ಸನಿಕೆಯಿಂದ ಕಾಲುವೆಗೆ ಮಣ್ಣು ಎಳೆದರು. ಭಾವ ಅವರ ಬೆನ್ನ ಮೇಲೆ ಒದ್ದರು. ಯಜಮಾನರು ಕೆಸರಲ್ಲಿ ಬಿದ್ದವರು ಎದ್ದು, ಸನಿಕೆ ತಿರುಗಿಸಿ ಅದರ ಮರದ ಕಾವಿನಿಂದ ಭಾವನ ಪಕ್ಕೆಗೆ ಬಾರಿಸಿದರು. ಆಮೇಲೆ ಯಾರು ಯಾರಿಗೆ ಹೊಡೆದರು ಅಂತ ಹೇಳಲಾರೆ. ಯಜಮಾನರ ಕಿವಿಯಿಂದ ರಕ್ತ ಸುರಿಯುತ್ತಿತ್ತು. ಭಾವ ತೆಲುಗಿನಲ್ಲಿ "ನರಿಕೇಸ್ತಾ, ನಿನ್ನು ನರಿಕೇಸ್ತಾ", ಕಡಿದುಹಾಕ್ತೀನಿ ಅಂತ ಕಿರುಚುತ್ತಿದ್ದರು. ಕೋಪ ನೆತ್ತಿಗೇರಿದರೆ ನಮ್ಮ ಮನೆಯ ಗಂಡಸರ ಬಾಯಲ್ಲಿ ತೆಲುಗೇ ಬರುವುದು. ನಾನು ಗಂಜಿ ಮಡಕೆ ಎಸೆದು ಓಡಿಹೋಗಿ ಭಾವನ ಕಾಲು ಹಿಡಿದುಕೊಂಡೆ.

"ಬೇಡ ಭಾವ, ನಿಮ್ಮ ತಮ್ಮ ಕಣಯ್ಯ, ಬೇಡ!"

ಅವರು ನನ್ನನ್ನು ಒದರಿ ಹಾಕಿದರು. ಅಂಗಾತ ಬಿದ್ದೆ. ಹಾರೆ ಮೇಲೆದ್ದಿತ್ತು. ಯಜಮಾನರು ಆಗಲೇ ದೂರ ಸರಿದಿದ್ದರು. ಹೊಡೆಯಲು ಅಲ್ಲಿ ನನ್ನ ಬಿಟ್ಟು ಯಾರೂ ಇರಲಿಲ್ಲ. ಭಾವ ನನ್ನ ಕಣ್ಣು ನೋಡಿದರು. ನೋಡಿ, ಹಾರೆ ಇಳಿಸಿದರು.

ತೆಂಗಿನಕಾಯಿ ಒಡೆದ ಸದ್ದು. ನೋವು ತಕ್ಷಣ ಬರಲಿಲ್ಲ. ಮಂಡಿಯ ಜಾಗದಲ್ಲಿ ಒಂದು ಗುಳಿ ಬಿದ್ದಿತ್ತು, ಅದರೊಳಗೆ ಸೀರೆ ಸಿಕ್ಕಿಕೊಂಡಿತ್ತು. ಸೀರೆ ಎಳೆದುಕೊಳ್ಳೋಣ ಅಂತ ಕೈ ಹಾಕಿದೆ. ಆಗ ಬಂತು ನೋವು.

ಶಿಡ್ಲಘಟ್ಟದ ಡಾಕ್ಟರು ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರು. ನಮ್ಮತ್ತೆ ಒಪ್ಪಲಿಲ್ಲ, ದೊಡ್ಡಾಸ್ಪತ್ರೆಗೆ ಹೋದವರ ಕಾಲು ಕತ್ತರಿಸುತ್ತಾರೆ ಅಂತ ಅವರ ನಂಬಿಕೆ. ಚಿಂತಾಮಣಿ ಕಡೆಯಿಂದ ಮೂಳೆ ಕಟ್ಟುವ ವೈದ್ಯನನ್ನು ಕರೆಸಿದರು. ವಯಸ್ಸಾದವನು, ಮೃದು ಮಾತಿನವನು. ಯಜಮಾನರು ನನ್ನ ಭುಜ ಅದುಮಿ ಹಿಡಿದರು, ಅತ್ತೆ ಬಾಯಿಗೆ ಬಟ್ಟೆ ತುರುಕಿದರು, ಪಕ್ಕದ ಮನೆಯವರಿಬ್ಬರು ಸೊಂಟ ಹಿಡಿದರು. ವೈದ್ಯ ನನ್ನ ಪಾದವನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದಕ್ಕೆ ವಾಲಿದ.

"ಓರ್ಚುಕೋ ತಲ್ಲಿ, ಓರ್ಚುಕೋ."

ತಡೆದುಕೋ ತಾಯಿ ಅಂತ. ಒಳಗೆ ಚೂರುಗಳು ಒಂದರ ಮೇಲೊಂದು ಕರಕರ ಜರುಗಿದ್ದು ನನ್ನ ಹಲ್ಲಿಗೆ ಕೇಳಿಸಿತು. ಬಾಯೊಳಗಿನ ಬಟ್ಟೆ ಕಚ್ಚಿ ಹರಿದೆ. ಆತನ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಜನರ ಕೈಕಾಲು ಕೂಡಿಸಿದವನು. ಮುರಿದದ್ದನ್ನು ಆತ ಕೂಡಿಸಬಲ್ಲ, ನನ್ನದು ಪುಡಿಯಾಗಿತ್ತು. ಮೊಟ್ಟೆಯ ಬಿಳಿ, ಬಿದಿರ ದಬ್ಬೆ, ಬಟ್ಟೆ ಸುತ್ತಿ ಕಟ್ಟಿದ. ಬಿಚ್ಚಿದಾಗ ಕಾಲು ಅರ್ಧ ಮಡಚಿದ ಹಾಗೇ ಗಟ್ಟಿಯಾಗಿತ್ತು. ಊರಿದರೆ ಒಳಗೆ ಮೂಳೆಗೆ ಮೂಳೆ ಉಜ್ಜುತ್ತಿತ್ತು, ಬೀಸುಕಲ್ಲಿಗೆ ಮರಳು ಬಿದ್ದ ಹಾಗೆ.

ಆಮೇಲಿನ ವರ್ಷಗಳು ನೆಲದ ಮೇಲೆ ಕಳೆದವು. ಕುಂಡಿಯ ಮೇಲೆ ಕೂತು, ಕೈಯೂರಿ, ಮೈ ಎಳೆದುಕೊಂಡು ಓಡಾಡುತ್ತಿದ್ದೆ. ಅಂಗೈ ಎಮ್ಮೆಯ ಗೊರಸಿನ ಹಾಗಾಯಿತು. ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಕೇಸು ನಡೆಯಿತು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಭಾವ ಕಟಕಟೆಯಲ್ಲಿ ನಿಂತು, "ನಾನು ನೋಡ್ಲಿಲ್ಲ ಸ್ವಾಮಿ, ತಮ್ಮನಿಗೆ ಬೀಸಿದ್ದು ಈಯಮ್ಮನಿಗೆ ಬಿತ್ತು," ಅಂದರು. ನಾನು ಕೂತಲ್ಲಿಂದಲೇ "ಸುಳ್ಳು" ಅಂತ ಕೂಗಿದೆ. ಜಡ್ಜ್ ಸಾಹೇಬರು ಸುಮ್ಮನಿರಮ್ಮ ಅಂದರು. ಭಾವನಿಗೆ ಕೆಲವು ತಿಂಗಳು ಜೈಲಾಯಿತು. ತಿರುಗಿ ಬಂದು ಪಕ್ಕದ ಬಾಗಿಲಲ್ಲೇ ಸಂಸಾರ ಮಾಡಿದರು. ಒಂದೇ ಗೋಡೆ. ಆಚೆ ಅವರು ಕೆಮ್ಮಿದರೆ ಈಚೆ ನನಗೆ ಕೇಳಿಸುತ್ತಿತ್ತು.

ಬೆಂಗಳೂರಿನ ಒಂದು ಆಸ್ಪತ್ರೆಗೆ ವಿಲಾಯಿತಿಯಲ್ಲಿ ಕಲಿತ ಮೂಳೆ ಡಾಕ್ಟರೊಬ್ಬರು ಬಂದಿದ್ದಾರೆ ಅಂತ ಶಿಡ್ಲಘಟ್ಟದ ಡಾಕ್ಟರೇ ಯಜಮಾನರಿಗೆ ಹೇಳಿದ್ದು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಚಿಕ್ಕ ರೈಲಿನಲ್ಲಿ ಹೋದೆವು. ಆ ರೈಲು ಕುಲುಕಿದಾಗಲೆಲ್ಲ ಯಜಮಾನರು ನನ್ನ ಮಂಡಿಯ ಕೆಳಗೆ ತಮ್ಮ ಅಂಗೈ ಇಟ್ಟು ಹಿಡಿಯುತ್ತಿದ್ದರು. ಚಿಕ್ಕಬಳ್ಳಾಪುರ ದಾಟಿದರೂ, ನಂದಿ ಬೆಟ್ಟ ಹಿಂದಾದರೂ ಆ ಕೈ ತೆಗೆಯಲಿಲ್ಲ. ಅದನ್ನು ಹೇಳಲೇಬೇಕು, ಯಾಕೆಂದರೆ ಮುಂದೆ ಅದೇ ಕೈ ಏನು ಮಾಡಹೊರಟಿತು ಅನ್ನುವುದನ್ನೂ ಹೇಳಬೇಕಾಗುತ್ತದೆ.

ಡಾಕ್ಟರು ಮೇಜಿನ ಖಾನೆಯಿಂದ ಬಟ್ಟೆ ಸುತ್ತಿದ ಒಂದು ಸಾಮಾನು ತೆಗೆದು ನನ್ನ ಮಡಿಲಲ್ಲಿಟ್ಟರು. ಉಕ್ಕಿನದು, ತಣ್ಣಗಿತ್ತು. ನಡುವೆ ಅಚ್ಚು, ಮೇಲಕ್ಕೂ ಕೆಳಕ್ಕೂ ಒಂದೊಂದು ಕಂಬಿ.

"ಒಂದು ಕಂಬಿ ತೊಡೆ ಮೂಳೆ ಒಳಗೆ ಹೋಗುತ್ತೆ, ಇನ್ನೊಂದು ಕೆಳಗಿನ ಮೂಳೆ ಒಳಗೆ. ಬಾಗಿಲ ಕೀಲಿನ ಥರ ಅಮ್ಮ. ಮುಂದಕ್ಕೆ ಹಿಂದಕ್ಕೆ ಬಗ್ಗುತ್ತೆ. ಅಷ್ಟೇ."

"ಎಷ್ಟು ವರ್ಷ ಬರುತ್ತೆ ಸ್ವಾಮಿ?" ಯಜಮಾನರು ಕೇಳಿದರು.

"ನಂಗೊತ್ತಿಲ್ಲ. ಇದನ್ನ ಮಾಡಿದೋರಿಗೂ ಗೊತ್ತಿಲ್ಲ. ಅಲ್ಲಿ ಇದನ್ನ ವಯಸ್ಸಾದೋರಿಗೆ ಹಾಕ್ತಾರೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಊಟದ ಮೇಜಿಗೆ, ಅಷ್ಟು ನಡೆದ್ರೆ ಅವರಿಗೆ ಸಾಕು. ಇವರು ಚಿಕ್ಕೋರು. ನೆಲದ ಮೇಲೆ ಕೂರೋರು, ಕುಕ್ಕರುಗಾಲಲ್ಲಿ ಕೆಲಸ ಮಾಡೋರು. ಇದಕ್ಕೆ ಅದೆಲ್ಲ ಆಗಲ್ಲ." ನನ್ನ ಮಡಿಲಿನಿಂದ ಕೀಲನ್ನು ಎತ್ತಿಕೊಂಡು, "ಎರಡು ಮೂಳೇನೂ ಸೇರಿಸಿ ಬೆಸೆದುಬಿಡಬಹುದು. ಅದು ಸಾಯೋ ತನಕ ಇರುತ್ತೆ, ನೋವೂ ಹೋಗುತ್ತೆ. ಆದ್ರೆ ಕಾಲು ಮಡಚಕ್ಕಾಗಲ್ಲ," ಅಂದರು.

ನಾನಾಗ ಮೂವತ್ತು ದಾಟದ ಹೆಂಗಸು. ಕಾಲು ಮಡಚದೆ ಹೇಗೆ ಬದುಕುತ್ತಾರೆ ಅನ್ನುವುದೇ ನನಗೆ ತೋಚಲಿಲ್ಲ.

"ಕೀಲೇ ಹಾಕಿ ಸ್ವಾಮಿ," ಅಂದೆ.

ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಜೀವ ಇಲ್ಲದ ಹಾಗೆ ಮಾಡಿದರು. ಆದರೆ ಕಿವಿಗೆ ಜೀವ ಇತ್ತು. ಗರಗಸದ ಸದ್ದು ಕೇಳಿದೆ, ನಮ್ಮೂರ ಆಚಾರಿ ಹಸಿಮರ ಕೊಯ್ಯುವಾಗ ಬರುವ ಸದ್ದು. ಆಮೇಲೆ ಸುತ್ತಿಗೆ. ಕಂಬಿಯನ್ನು ತೊಡೆಯ ಮೂಳೆಯೊಳಗೆ ಹೊಡೆದು ಇಳಿಸುತ್ತಿದ್ದರು. ಒಂದೊಂದು ಏಟಿಗೂ ನನ್ನ ಇಡೀ ಮೈ ಮೇಜಿನ ಮೇಲೆ ತಲೆಯ ಕಡೆಗೆ ಜಾರುತ್ತಿತ್ತು. ನೋವಿಲ್ಲ, ಆದರೆ ಯಾರೋ ನನ್ನನ್ನು ಗೂಟದ ಹಾಗೆ ಬಡಿಯುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು. "ಹೊಡೀಬೇಡಿ, ಹೊಡೀಬೇಡಿ ಭಾವ," ಅಂತ ಕಿರುಚಿದೆನಂತೆ. ತಲೆಯ ಹತ್ತಿರ ಇದ್ದ ನರ್ಸಮ್ಮ ನನ್ನ ಎರಡೂ ಕಿವಿಯನ್ನು ತನ್ನ ಅಂಗೈಯಿಂದ ಮುಚ್ಚಿ, ಮುಗಿಯುವವರೆಗೂ ಬಗ್ಗಿಯೇ ನಿಂತಿದ್ದರು. ಅವರ ಬೆವರು ನನ್ನ ಹಣೆಯ ಮೇಲೆ ಬೀಳುತ್ತಿತ್ತು. ಅವರ ಮುಖ ಮರೆತಿದ್ದೇನೆ. ಆ ಕೈಗಳ ಬಿಸಿ ಮರೆತಿಲ್ಲ.

ಗಾಯ ಆರಿದ ಮೇಲೆ ಕಾಲು ಮಡಚಿಸುವ ಕೆಲಸ. ಅದೊಂದು ಬೇರೆಯ ಹೊಡೆತ. ಒಬ್ಬರು ತೊಡೆ ಹಿಡಿದು ಇನ್ನೊಬ್ಬರು ಪಾದ ಒತ್ತುತ್ತಿದ್ದರು. ನಾನು ಮಂಚದ ಕಂಬಿ ಹಿಡಿದು, ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈಯುತ್ತಿದ್ದೆ. ಪಕ್ಕದ ಮಂಚದ ಮುದುಕಿ, "ಬೈ ಕಣಮ್ಮ, ಚೆನ್ನಾಗಿ ಬೈ, ನನ್ನ ಪಾಲಿಂದೂ ಸೇರ್ಸಿ ಬೈ," ಅನ್ನುತ್ತಿದ್ದಳು. ಅವಳ ಸೊಂಟ ಮುರಿದಿತ್ತು. ನನ್ನ ಬೈಗುಳ ಕೇಳಿ ನಗುತ್ತಾ, ನಕ್ಕರೆ ನೋಯುತ್ತದೆ ಅಂತ ಅಳುತ್ತಾ ಇರುತ್ತಿದ್ದಳು.

ನಾನು ಎದ್ದು ನಿಂತೆ. ನಡೆದೆ. ಮೇಲೂರಿನಲ್ಲಿ ರೈಲು ಬಂದ ಹಾಗೆ ಜನ ನೋಡಲು ಬಂದರು. ಹೆಂಗಸರು ಸೀರೆಯ ಮೇಲಿಂದ ಮಂಡಿ ಮುಟ್ಟಿ, "ಕಬ್ಬಿಣವಾ? ನಿಜವಾಗ್ಲೂ ಕಬ್ಬಿಣವಾ?" ಅಂತ ಕೇಳಿದರು. ಹುಳುಮನೆಯಲ್ಲಿ ನಿಂತುಕೊಂಡೇ ತಟ್ಟೆಗಳಿಗೆ ಸೊಪ್ಪು ಹಾಕುವ ಹಾಗೆ ಯಜಮಾನರು ಎತ್ತರದ ಅಟ್ಟಣೆ ಕಟ್ಟಿಸಿದರು. ಆಚಾರಿಯಿಂದ ನನಗಾಗಿ ಒಂದು ಕುರ್ಚಿ ಮಾಡಿಸಿದರು.

ಆ ಕುರ್ಚಿಯೇ ತೊಂದರೆಯಾಯಿತು. ಮನೆಗೆ ಹಿರಿಯರು ಬಂದಾಗ ನಾನು ಕುರ್ಚಿಯ ಮೇಲೆ ಕೂತಿದ್ದರೆ ಅತ್ತೆ ಮುಖ ತಿರುಗಿಸುತ್ತಿದ್ದರು. "ಗಂಡಸ್ರು ಚಾಪೆ ಮೇಲೆ, ಇವಳು ಸಿಂಹಾಸನದ ಮೇಲೆ." ಮದುವೆ, ತಿಥಿ, ನಾಮಕರಣ, ಎಲ್ಲಿ ಹೋದರೂ ಎಲೆ ಹಾಕುವುದು ನೆಲದ ಮೇಲೆ. ನಾಚಿಕೆ ಅನ್ನುವುದು ನೋವಿಗಿಂತ ಗಟ್ಟಿ. ಕಾಲನ್ನು ಓರೆಯಾಗಿ ಚಾಚಿ, ಮೈ ತಿರುಚಿ, ನೆಲಕ್ಕೆ ಕೂರುತ್ತಿದ್ದೆ. ಹಾಗೇ ತಿರುಚಿಕೊಂಡು ಏಳುತ್ತಿದ್ದೆ. ತೋಟದಲ್ಲಿ ಸೊಪ್ಪಿನ ಹೊರೆ ಹೊತ್ತು ಸಾಲಿನಿಂದ ಸಾಲಿಗೆ ತಿರುಗುತ್ತಿದ್ದೆ. ಉಕ್ಕು ತಾನೇ, ಅದಕ್ಕೇನಾಗುತ್ತೆ ಅಂದುಕೊಂಡಿದ್ದೆ.

ಕೆಲವು ವರ್ಷದ ಮೇಲೆ ತೊಡೆಯೊಳಗೆ ನೋವು ಶುರುವಾಯಿತು. ಮಂಡಿಯಲ್ಲಲ್ಲ, ತೊಡೆಯ ನಡುವೆ. ಕೂತು ಎದ್ದಾಗ ಮೊದಲ ಹೆಜ್ಜೆಗೆ ಯಾರೋ ಮೂಳೆಯೊಳಗಿನಿಂದ ಹಾರೆಯಲ್ಲಿ ಮೀಟಿದ ಹಾಗೆ. ನಡೆದರೆ ಟಕ್ ಟಕ್ ಸದ್ದು. ನಾನು ಬರುವುದು ನೋಡದೆಯೇ ಗೊತ್ತಾಗುತ್ತದೆ ಅಂತ ಅತ್ತೆ ಹೇಳುತ್ತಿದ್ದರು.

ಮತ್ತೆ ಬೆಂಗಳೂರು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದರು. ಬೆಳ್ಳಗಿನ ಕಂಬಿಯ ಸುತ್ತ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆಯಿತ್ತು.

"ಕೀಲು ಸವೆದಿದೆಯಾ ಸ್ವಾಮಿ?"

"ಇಲ್ಲಮ್ಮ. ಕೀಲು ಹಾಕಿದಾಗ ಹೇಗಿತ್ತೋ ಹಾಗೇ ಇದೆ. ಸವೆದಿರೋದು ನಿಮ್ಮ ಮೂಳೆ." ಅವರು ತಮ್ಮ ಕಾಲನ್ನೇ ಮುಂದಿಟ್ಟು ತೋರಿಸಿದರು. "ನಾವು ನಡೆಯೋವಾಗ ಮಂಡಿ ಬರೀ ಮಡಚಲ್ಲ. ಒಂದೊಂದು ಹೆಜ್ಜೆಗೂ ಒಂಚೂರು ತಿರುಗುತ್ತೆ, ಒಂಚೂರು ಜಾರುತ್ತೆ. ದೇವರು ಕೊಟ್ಟ ಮಂಡಿ ಹಾಗೆ ಬಿಟ್ಟುಕೊಡುತ್ತೆ. ಈ ಕೀಲು ಬಿಟ್ಟುಕೊಡಲ್ಲ. ನೀವು ತಿರುಗಿದಾಗೆಲ್ಲ ಆ ತಿರುವು ಎಲ್ಲಿಗೆ ಹೋಗಬೇಕು? ಕಂಬಿಗೆ ಹೋಗುತ್ತೆ, ಕಂಬಿ ಮೂಳೆನ ಒಳಗಿಂದ ಕೊರೆಯುತ್ತೆ. ಬೇರೆ ಊರುಗಳಲ್ಲೂ ಹೀಗೇ ಆಗ್ತಿದೆ ಅಂತ ಈಗ ತಿಳೀತಿದೆ." ಹಾಳೆ ಕೆಳಗಿಟ್ಟರು. "ಅದು ಅಷ್ಟು ಗಟ್ಟಿಯಾಗಿರೋದೇ ತಪ್ಪು."

ಬೇಗ ಬಂದು ಸೇರಿಕೊಳ್ಳಿ, ಅಲ್ಲಿವರೆಗೆ ಊರುಗೋಲು ಬಿಡಬೇಡಿ ಅಂದರು. ಹುಳು ಗೂಡು ಕಟ್ಟುವ ಸಮಯ. ಬಿದಿರ ಚಂದ್ರಿಕೆಯ ತಟ್ಟಿಗೆ ಹುಳು ಬಿಟ್ಟು, ಗೂಡು ಮಾರಿ ಹೋಗೋಣ ಅಂತ ಯಜಮಾನರು ಅಂದರು. ನಾನೂ ಹೂಂ ಅಂದೆ.

ಅದೇ ವಾರ ಭಾವನ ಎತ್ತುಗಳು ಹಗ್ಗ ಕಿತ್ತುಕೊಂಡು ಬದು ದಾಟಿ ನಮ್ಮ ತೋಟಕ್ಕೆ ನುಗ್ಗಿದವು. ಬೇಕೆಂದೇ ಬಿಟ್ಟರೋ, ತಾವೇ ಬಂದವೋ, ಇವತ್ತಿಗೂ ಗೊತ್ತಿಲ್ಲ. ಮಧ್ಯಾಹ್ನ. ನಾನು ಜಗಲಿಯಲ್ಲಿದ್ದೆ. ಭಾವನ ಹೆಂಡತಿ ನಂಜಮ್ಮಕ್ಕ ತಲೆಗೂದಲು ಬಿಚ್ಚಿಕೊಂಡು ಓಡಿ ಬಂದರು. ಆ ಹಾರೆಯೇಟಿನ ದಿನದಿಂದ ಅವರು ನನ್ನ ಜೊತೆ ಮಾತಾಡಿರಲಿಲ್ಲ.

"ಸರೋಜೀ, ಬಾರೇ! ಕೊಂದ್ಬಿಡ್ತಾನೆ ಕಣೇ, ನಿನ್ನ ಗಂಡ ನನ್ನ ಗಂಡನ್ನ ಕೊಂದ್ಬಿಡ್ತಾನೆ!"

ಊರುಗೋಲು ಎಲ್ಲಿತ್ತೋ. ಓಡಿದೆ. ಉಕ್ಕಿನ ಮಂಡಿ ಟಕಟಕ ಬಡಿಯುತ್ತಾ, ತೊಡೆಯೊಳಗೆ ಬೆಂಕಿ ಹಾಕಿದ ಹಾಗೆ ಉರಿಯುತ್ತಾ, ಓಡಿದೆ. ಮನಸ್ಸಿನೊಳಗೆ ಒಂದು ದನಿ, ಓಡಬೇಡ, ಕೊಲ್ಲಲಿ, ನಿನಗೇನು ಅಂದಿತು. ಕಾಲು ಕೇಳಲಿಲ್ಲ.

ಯಜಮಾನರು ಭಾವನನ್ನು ಹಿಪ್ಪುನೇರಳೆ ಸಾಲಿನ ನಡುವೆ ಕೆಡವಿ ಎದೆಯ ಮೇಲೆ ಕೂತಿದ್ದರು. ಕೈಯಲ್ಲಿ ಗಿಡ ಸವರುವ ಮಚ್ಚು. ಭಾವನ ಎಡಗೈ ಆಗಲೇ ಸೀಳಿ, ಮಾಂಸ ಬಿಳಿಯಾಗಿ ಬಾಯಿಬಿಟ್ಟಿತ್ತು. ಅದೇ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಯಜಮಾನರು ಕೂಗುತ್ತಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ತುಂಬ ದಿನದಿಂದ ಎಣಿಸಿಕೊಂಡಿದ್ದ ಕೆಲಸವನ್ನು ಮಾಡುವವರ ಹಾಗೆ ಇತ್ತು ಅವರ ಮುಖ.

"ಕೈ ತೆಗಿ," ಅಂದರು ಭಾವನಿಗೆ. "ಕತ್ತು ತೋರ್ಸು."

ನಾನು ಹಿಂದಿನಿಂದ ಮಚ್ಚಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದೆ. ಅವರು ಯಾರೆಂದು ನೋಡದೆ ಜೋರಾಗಿ ಒದರಿದರು. ನನ್ನ ಪಾದ ಉಳುಮೆ ಸಾಲಿನಲ್ಲಿ ಸಿಕ್ಕಿತ್ತು. ಮೈ ತಿರುಗಿತು. ಮಂಡಿ ತಿರುಗಲಿಲ್ಲ.

ಈ ಸಲ ಸದ್ದು ಬಂದೂಕಿನದು. ಬಿದ್ದು ನೋಡಿದರೆ ತೊಡೆಯ ಪಕ್ಕದಲ್ಲಿ ಸೀರೆ ಹರಿದು ಏನೋ ಹೊಳೆಯುತ್ತಿತ್ತು. ಕಂಬಿ. ಮೂಳೆ ಸೀಳಿ, ಮಾಂಸ ಸೀಳಿ, ಬಿಸಿಲಿಗೆ ಬಂದಿತ್ತು.

ಯಜಮಾನರ ಕೈಯಿಂದ ಮಚ್ಚು ಬಿತ್ತು. ಅವರು ಭಾವನ ಎದೆಯಿಂದ ಇಳಿದು ನನ್ನ ಹತ್ತಿರ ತೆವಳಿಕೊಂಡು ಬಂದು, ಆ ಕಂಬಿಯನ್ನು ಅಂಗೈಯಲ್ಲಿ ಮುಚ್ಚಿದರು. ಯಾರಿಗೂ ಕಾಣದ ಹಾಗೆ ಮುಚ್ಚಿದರೆ ಅದು ಆಗಿಲ್ಲವೆಂದಾಗುತ್ತದೆಯೇನೋ ಎಂಬಂತೆ.

ನಂಜಮ್ಮಕ್ಕ ಮಂಚ ತಂದರು. ತೋಟದಿಂದ ರಸ್ತೆಗೆ ಗಾಡಿ ಬರುವ ದಾರಿಯಿರಲಿಲ್ಲ. ಎರಡು ತೋಟದ ನಡುವಿನ ಬದುವಿನ ಮೇಲೇ ಹೊರಬೇಕು. ತಲೆಯ ಕಡೆ ಯಜಮಾನರು, ಕಾಲಿನ ಕಡೆ ಭಾವ, ಸೀಳಿದ ಕೈಗೆ ಹೆಂಡತಿಯ ಸೆರಗು ಸುತ್ತಿಕೊಂಡು. ಒಬ್ಬರು ಬೇಗ ಹೆಜ್ಜೆ ಇಟ್ಟರೆ ಇನ್ನೊಬ್ಬರು ತಡ. ಮಂಚ ಎಳೆದಾಡಿದಾಗ ನಾನು ಕಿರುಚುತ್ತಿದ್ದೆ.

"ನಿಧಾನ," ಅಂದರು ಭಾವ.

"ಎಡಗಡೆ ಹಳ್ಳ ಐತೆ," ಅಂದರು ಯಜಮಾನರು.

ಜಗಳ ಬಿಟ್ಟರೆ, ಅಣ್ಣತಮ್ಮಂದಿರು ಅಷ್ಟು ವರ್ಷಗಳ ನಂತರ ಆಡಿದ ಮಾತು ಅಷ್ಟೇ.

ಬೆಂಗಳೂರಿನಲ್ಲಿ ಕೀಲು ತೆಗೆದರು. ಗಾಯದಲ್ಲಿ ಮಣ್ಣು ಸೇರಿತ್ತು, ಕೀವು ಕಟ್ಟಿತು. ಜ್ವರದಲ್ಲಿ ನನಗೆ ಕಂಡದ್ದೆಲ್ಲ ಹಾರೆ, ಮಚ್ಚು, ಗರಗಸ. ದಿನಾ ಬೆಳಿಗ್ಗೆ ಬ್ಯಾಂಡೇಜ್ ಕಿತ್ತು, ತೊಡೆಯೊಳಗೆ ಬಟ್ಟೆ ತುರುಕಿ ಒರೆಸುತ್ತಿದ್ದರು. ಟ್ರಾಲಿಯ ಚಕ್ರದ ಸದ್ದು ವಾರ್ಡಿನ ಬಾಗಿಲಲ್ಲಿ ಕೇಳಿದರೆ ಸಾಕು, ಉಚ್ಚೆ ಹೋಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಿಲ್ಲ. ನಿಮಗೂ ಹಾಗಾಗಿದ್ದರೆ, ನೀವು ಹೇಡಿಯಲ್ಲ.

ಗಾಯ ಒಣಗಿದ ಮೇಲೆ ಎರಡು ಮೂಳೆಯನ್ನೂ ಕೊಯ್ದು ಒಂದಕ್ಕೊಂದು ಒತ್ತಿ ಬೆಸೆದರು. ಮೇಲೆ ಕೆಳಗೆ ಅಡ್ಡಡ್ಡವಾಗಿ ಮೊಳೆ ತೂರಿಸಿ, ಹೊರಗಡೆ ತಿರುಪು ಇಟ್ಟು, ಆಗಾಗ ಬಂದು ಬಿಗಿಯುತ್ತಿದ್ದರು. ಡಾಕ್ಟರು ತಿರುಪು ತಿರುಗಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಒಂದು ದಿನ ಮಾತ್ರ, "ಆ ಕೀಲನ್ನ ನಾನು ಇಟ್ಟುಕೊಳ್ಳಲಾ? ಮಾಡೋರಿಗೆ ಕಳಿಸಿ, ಇದು ಹೀಗಾಯ್ತು ನೋಡಿ ಅಂತ ತಿಳಿಸಬೇಕು," ಅಂತ ಕೇಳಿದರು. ಇಟ್ಟುಕೊಳ್ಳಿ ಅಂದೆ. ನನಗೆ ಅದರ ಮೇಲೆ ಮುನಿಸಿರಲಿಲ್ಲ. ನೆಲದಿಂದ ನನ್ನನ್ನು ಎಬ್ಬಿಸಿದ್ದೂ ಅದೇ.

ಆ ದಿನಗಳಲ್ಲೇ ಭಾವ ಬಂದರು. ಪೊಲೀಸರಿಗೆ ಅವರು ಕೈ ಸೀಳಿದ್ದು ತಾನೇ ಬಿದ್ದು ಅಂತ ಹೇಳಿದ್ದರಂತೆ. ಯಜಮಾನರು ಮಂಚದ ಪಕ್ಕ ಕೂತಿದ್ದರು, ಎದ್ದು ಹೋಗಲಿಲ್ಲ. ಭಾವ ಮಂಚದ ಕಾಲ ಬಳಿ ಬಂದು ನಿಂತರು. ಆಮೇಲೆ ನನ್ನ ಕಡೆ ನೋಡಿ ಅಂದರು:

"ನೋಡ್ದೆ ಕಣಮ್ಮ. ಅವತ್ತು ನೋಡೇ ಹೊಡ್ದೆ. ಅವನು ತಪ್ಪಿಸ್ಕೊಂಡ, ನೀನು ಸಿಕ್ದೆ."

ನನಗೆ ಸಮಾಧಾನವಾಗಬೇಕಿತ್ತು. ಕೋರ್ಟಿನಲ್ಲಿ ಸುಳ್ಳು ಅಂತ ಕೂಗಿದ್ದೆನಲ್ಲ. ಆದರೆ ನನ್ನ ಕೈ ಪಕ್ಕದಲ್ಲಿದ್ದ ಹಿತ್ತಾಳೆ ಚೊಂಬು ಹಿಡಿದು ಬೀಸಿತು. ಅವರ ಹುಬ್ಬಿಗೆ ಬಿತ್ತು. ರಕ್ತ ಕಣ್ಣಿಗಿಳಿಯಿತು. ಒರೆಸಿಕೊಳ್ಳಲಿಲ್ಲ, ಹಿಂದೆ ಸರಿಯಲೂ ಇಲ್ಲ. ಯಜಮಾನರು ನನ್ನ ಕೈ ಹಿಡಿಯಲು ಬಂದರು.

"ನೀವು ಮುಟ್ಬೇಡಿ!" ಅಂದೆ. ಇಡೀ ವಾರ್ಡು ತಿರುಗಿ ನೋಡಿತು. ಎಡಗಾಲಿನ ಮೇಲಿನ ಹೊದಿಕೆ ಕಿತ್ತು ಎಸೆದೆ. "ಇನ್ನೊಂದು ಮಂಡಿ ಐತೆ. ನೋಡಿ. ಇದನ್ನ ಯಾರು ಮುರೀತೀರ? ಅಣ್ಣನಾ, ತಮ್ಮನಾ? ಈಗ್ಲೇ ಹೇಳಿ, ನಾನು ಊರಿಗೆ ಬರದೆ ಇಲ್ಲೇ ಇದ್ಬಿಡ್ತೀನಿ."

ಯಜಮಾನರು ಅಳುತ್ತಿದ್ದರು. ಗಂಡಸು ಬಾಯಿ ತೆರೆದು, ಸದ್ದು ಬರದೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಊರಿಗೆ ಬರುವಷ್ಟರಲ್ಲಿ ಎರಡು ತೋಟದ ನಡುವಿನ ಬದು ಇರಲಿಲ್ಲ. ಎರಡೂ ಕಡೆಯ ಅಂಚಿನ ಸಾಲು ಕಿತ್ತು, ಗಾಡಿ ಹೋಗುವಷ್ಟು ಅಗಲ ದಾರಿ ಮಾಡಿದ್ದರು. ನಾನು ಹೇಳಿ ಮಾಡಿಸಿದ್ದಲ್ಲ. ಯಾರು ಮೊದಲು ಗುದ್ದಲಿ ಹಾಕಿದರು ಅಂತ ಇಬ್ಬರೂ ಹೇಳುವುದಿಲ್ಲ. ಹಾಗೆಂದು ಅಣ್ಣತಮ್ಮ ಒಂದಾದರು ಅಂತಲ್ಲ. ಹಬ್ಬಕ್ಕೆ ಕರೆಯುವುದಿಲ್ಲ, ಒಂದೇ ಪಂಕ್ತಿಯಲ್ಲಿ ಉಣ್ಣುವುದಿಲ್ಲ. ನೀರಿನ ಪಾಳಿ ಮಾತ್ರ ತಪ್ಪುವುದಿಲ್ಲ. ನನಗೂ ಯಜಮಾನರ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಕೆಲವು ದಿನ ಅವರು ಚಪ್ಪಲಿ ತೊಡಿಸಲು ನನ್ನ ಬಲಪಾದ ಹಿಡಿದಾಗ ಒದೆಯಬೇಕು ಅನ್ನಿಸುತ್ತದೆ. ಆ ಕಾಲಿನಿಂದ ಒದೆಯಲಾಗುವುದಿಲ್ಲ. ಅವರು ಬಗ್ಗಿ ತೊಡಿಸುತ್ತಾರೆ, ನಾನು ಅವರ ನೆರೆತ ತಲೆ ನೋಡುತ್ತೇನೆ. ಈಗ ಕುರ್ಚಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನೋವಿಲ್ಲ. ಡಾಕ್ಟರು ಹೇಳಿದ್ದು ನಿಜವಾಯಿತು.

ಕಳೆದ ಸಲ ತೋರಿಸಿಕೊಳ್ಳಲು ಹೋದಾಗ ಡಾಕ್ಟರು ಒಬ್ಬ ಹುಡುಗಿಯ ಹತ್ತಿರ ನನ್ನನ್ನು ಕೂರಿಸಿದರು. ಗೌರಿಬಿದನೂರಿನ ಕಡೆಯವಳು, ಹೆಸರು ಜಯ. ಕೀಲುವಾತದಿಂದ ಎರಡು ಮಂಡಿಯೂ ಗಂಟುಕಟ್ಟಿದ್ದವು. ಒಂದಕ್ಕೆ ಹೊಸ ಕೀಲು ಹಾಕಬೇಕೆಂದಿದ್ದರು. ಈ ಹೊಸದನ್ನು ಸಿಮೆಂಟಿನಂಥದ್ದೇನೋ ಹಾಕಿ ಮೂಳೆಯೊಳಗೆ ಕೂರಿಸುತ್ತಾರಂತೆ. ಇನ್ನು ಕೆಲವು ಕಡೆ ಕೀಲೇ ಇಲ್ಲದೆ, ಮಂಡಿ ತಿರುಗಲು ಬಿಡುವ ಹಾಗೆ ಮಾಡಲು ನೋಡುತ್ತಿದ್ದಾರಂತೆ. ಆದರೂ ನೆಲಕ್ಕೆ ಕೂರಬೇಡ, ತಿರುಚಬೇಡ ಅಂತ ಅವಳಿಗೆ ಡಾಕ್ಟರು ಹತ್ತು ಸಲ ಹೇಳಿದ್ದರು.

"ನಿಮ್ದು ಕಿತ್ತೋಯ್ತಂತೆ ಅಕ್ಕ. ನಾನು ಹಾಕಿಸ್ಕೊಳ್ಳಲಾ, ಬೇಡ್ವಾ?"

"ಅದನ್ನ ನಾನು ಹೆಂಗಮ್ಮ ಹೇಳ್ಲಿ? ನಂದು ಉಳೀಲಿಲ್ಲ. ಆದ್ರೆ ಅದು ಇದ್ದಷ್ಟು ದಿನ ನಾನು ನಡ್ದೆ."

"ಮೊದಲನೇ ದಿನ ನಿಲ್ಲೋವಾಗ ಹೆಂಗಿರುತ್ತೆ?"

ಸುಳ್ಳು ಹೇಳಬಹುದಿತ್ತು. "ಕಾಲು ಕತ್ತರಿಸಿ ಎಸೀರಿ ಅನ್ಸುತ್ತೆ," ಅಂದೆ. "ಆ ದಿನ ಹೇಳಿ ಕಳ್ಸು. ಬರ್ತೀನಿ."

ಹೇಳಿ ಕಳಿಸಿದಳು. ಹೋದೆ. ಇಬ್ಬರು ನರ್ಸಮ್ಮಂದಿರು ಅವಳನ್ನು ಮಂಚದ ಅಂಚಿಗೆ ತಂದರು. ಗೋಡೆ ಹಿಡಿಯುತ್ತೀಯಾ, ಮಂಚ ಹಿಡಿಯುತ್ತೀಯಾ ಅಂತ ಕೇಳಿದರು. ಅವಳು ನನ್ನ ಕಡೆ ಕೈಚಾಚಿದಳು. ನಾನು ಅವಳೆದುರು ನಿಂತು ಭುಜ ಕೊಟ್ಟೆ. ಪಾದ ನೆಲಕ್ಕೆ ತಾಗಿದ ಕೂಡಲೇ ಅವಳು ಕಿರುಚಿದ ಕಿರುಚಿಗೆ ಹೊರಗಿನ ಬೆಂಚಿನ ಜನವೆಲ್ಲ ಬಾಗಿಲಿಗೆ ಬಂದರು. ಪೂರ್ತಿ ಭಾರ ನನ್ನ ಮೇಲೆ ಹಾಕಿ ಜೋತುಬಿದ್ದಳು. ಅವಳ ಉಗುರು ರವಿಕೆ ದಾಟಿ ನನ್ನ ಭುಜದೊಳಗೆ ಇಳಿಯಿತು, ಬೆಚ್ಚಗೆ ರಕ್ತ ಹರಿದದ್ದು ಗೊತ್ತಾಯಿತು. ಬೈ ಕಣಮ್ಮ, ಚೆನ್ನಾಗಿ ಬೈ ಅಂದೆ. ಬೈದಳು, ದೇವರನ್ನು, ಡಾಕ್ಟರನ್ನು, ನನ್ನನ್ನು. ನಾನು ಕದಲಲಿಲ್ಲ. ಕದಲದೆ ನಿಲ್ಲುವುದಕ್ಕೆ ನನ್ನ ಬಲಗಾಲಿಗಿಂತ ಒಳ್ಳೆಯ ಕಾಲು ಆ ವಾರ್ಡಿನಲ್ಲಿ ಬೇರೆ ಯಾರಿಗೂ ಇರಲಿಲ್ಲ.